ದೊಡ್ಡವ್ವ ಕಣಿವೆಗೆ ಹೊರಟ ವರ್ಷ

ಹೋದ ವಾರ ಅಂಗಡಿಗೆ ಬಂದ ಪೆಟ್ಟಿಗೆ ಬಿಚ್ಚಿದರೆ ಒಳಗೆ ಕರ್ಪೂರದ ಡಬ್ಬಿ ಒಡೆದುಹೋಗಿತ್ತು. ಕೆಮ್ಮಿನ ಸಿರಪ್ಪು, ಬ್ಯಾಂಡೇಜು, ಮಕ್ಕಳ ಪೌಡರು ಎನ್ನದೆ ಎಲ್ಲದರ ಮೇಲೂ ಬಿಳಿ ಬಿಲ್ಲೆಗಳು ಚೆಲ್ಲಿಕೊಂಡಿದ್ದವು. ಕರ್ಪೂರದ ವಾಸನೆಗೆ ಬೇರೆಯವರಿಗೆ ದೇವಸ್ಥಾನ ನೆನಪಾಗುತ್ತದೆ. ನನಗೆ ನೆನಪಾಗುವುದು ನಮ್ಮ ದೊಡ್ಡವ್ವನ ಸೆರಗಿನ ಗಂಟು. ಆ ಗಂಟಿನಲ್ಲಿ ಕರ್ಪೂರ ಕಟ್ಟಿಕೊಂಡು ಅವಳು ಹಿಮಾಲಯಕ್ಕೆ ಹೊರಟ ವರ್ಷ ಒಂದಿತ್ತು. ಜತೆಗೆ ಹೊರಟವಳು ನಾನು. ಪೆಟ್ಟಿಗೆಯನ್ನು ಹಾಗೇ ಬಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ. ಗಿರಾಕಿ ಬಂದು ಕೌಂಟರು ಬಡಿದ ಮೇಲೇ ಎದ್ದದ್ದು.

ನನ್ನದು ಶ್ರೀರಂಗಪಟ್ಟಣದಲ್ಲಿ ಔಷಧಿ ಅಂಗಡಿ. ಇಷ್ಟು ವರ್ಷ ಕೌಂಟರಿನ ಹಿಂದೆ ನಿಂತು ನಾನು ಕಂಡುಕೊಂಡ ಸತ್ಯ ಏನೆಂದರೆ, ನಮ್ಮ ಸೀಮೆಯ ಹೆಂಗಸರಲ್ಲಿ ಯಾರಿಗೂ ನೋವೇ ಇಲ್ಲ. ಬರುತ್ತಾರೆ, ಮಂಡಿನೋವಿಗೆ ಮಾತ್ರೆ ಕೊಡಿ ಅನ್ನುತ್ತಾರೆ. ಯಾರಿಗೆ ಅಂತ ಕೇಳಿದರೆ "ನಮ್ಮತ್ತೆಗೆ" ಅನ್ನುತ್ತಾರೆ, "ಪಕ್ಕದ ಮನೆಯೋರ್ಗೆ" ಅನ್ನುತ್ತಾರೆ. ಸೊಂಟಕ್ಕೆ ಕೈಕೊಟ್ಟು, ಕೌಂಟರಿಗೆ ಒರಗಿ ನಿಂತವಳೂ ಹಾಗೇ ಅನ್ನುತ್ತಾಳೆ. ಇದು ಮೊದಮೊದಲು ನನಗೆ ಸಿಟ್ಟು ಬರಿಸುತ್ತಿತ್ತು. ಆಮೇಲೆ ಸಿಟ್ಟು ಹೋಗಿ ಬರೀ ಕುತೂಹಲ ಉಳಿಯಿತು. ನನಗೆ ನೋಯುತ್ತಿದೆ ಎಂದು ಹೇಳುವುದು ಇವರಿಗೆ ಯಾಕೆ ಇಷ್ಟು ಕಷ್ಟ?

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ, ಕೆಂಪಮ್ಮ. ನಾಗಮಂಗಲ ತಾಲ್ಲೂಕಿನ ದೇವಲಾಪುರದ ಹತ್ತಿರ ಮನೆ. ಮಳೆ ನಂಬಿದ ಹೊಲ, ಕೊಟ್ಟಿಗೆಯಲ್ಲಿ ಮೂರು ಹಸು, ಮಾತು ಕಮ್ಮಿಯ ದೊಡ್ಡಪ್ಪ. ಆ ವರ್ಷ ಯುಗಾದಿ ಮುಗಿಸಿಕೊಂಡು ನಮ್ಮ ಮನೆಗೆ ಬಂದಿದ್ದಳು. ಅದೇ ಹೊತ್ತಿಗೆ ನಮ್ಮ ಬೆಳಗಿನ ವಾಕಿಂಗ್ ಗುಂಪಿನ ಶಿವಣ್ಣ ಬಂದರು. ಪಾಂಡವಪುರದ ಹತ್ತಿರ ಆಲೆಮನೆ ಇಟ್ಟವರು, ದೊಡ್ಡ ದನಿಯ ಮನುಷ್ಯ. ಅವರ ಫೋನಿನಲ್ಲಿ ಉತ್ತರಾಖಂಡದ ಹರ್ ಕಿ ದೂನ್ ಎಂಬ ಕಣಿವೆಯ ವಿಡಿಯೊ ಇತ್ತು. ಗೌರಿಹಬ್ಬ ಕಳೆದ ಮೇಲೆ ಗುಂಪಿನವರೆಲ್ಲ ಅಲ್ಲಿಗೆ ಚಾರಣ ಹೋಗುವ ಮಾತು ನಡೆದಿತ್ತು. ನಾವೆಲ್ಲ ಹಿಮದ ಶಿಖರ ನೋಡುತ್ತಿದ್ದರೆ ದೊಡ್ಡವ್ವ ಕೆಳಗೆ ಬೆರಳಿಟ್ಟಳು.

"ಅವು ಯಾರ ದನ?"

ಶಿಖರದ ಬುಡದಲ್ಲಿ ಹಸಿರು ಬಯಲು, ಅದರಲ್ಲಿ ಮೇಯುತ್ತಿರುವ ದನಗಳು. ನಾನು ಅದುವರೆಗೆ ಅವನ್ನು ಗಮನಿಸಿಯೇ ಇರಲಿಲ್ಲ.

"ಕೆಳಗಿನ ಹಳ್ಳಿಯವರದ್ದಂತೆ. ಹಿಮ ಕರಗಿದ ಮೇಲೆ ಹೊಡ್ಕೊಂಡು ಹೋಗ್ತಾರಂತೆ."

"ಆ ಹುಲ್ಲ ಯಾರು ಬಿತ್ತಿದ್ದು?"

"ಯಾರೂ ಬಿತ್ತಲ್ಲ ದೊಡ್ಡವ್ವ. ತಾನೇ ಬರುತ್ತೆ."

"ಆ ಹುಲ್ಲು ತಿಂದ ಹಸೀನ ಹಾಲು ಎಂಗಿರ್ತದೆ?"

ಯಾರಿಗೂ ಗೊತ್ತಿರಲಿಲ್ಲ. ಬೇಸಿಗೆ ಬಂತೆಂದರೆ ನಾಲೆ ಕಡೆಯ ಊರುಗಳಿಂದ ಬತ್ತದ ಹುಲ್ಲು ತರಿಸಿ, ಒಂದೊಂದು ಹಿಡಿಯನ್ನೂ ಅಳೆದು ಹಾಕುವವಳು ಅವಳು. ಬಿತ್ತದೆ, ನೀರು ಹಾಯಿಸದೆ, ಅಷ್ಟೆತ್ತರದಲ್ಲಿ ಅಷ್ಟೊಂದು ಹುಲ್ಲು ಹೇಗೆ ನಿಂತಿದೆ ಎನ್ನುವುದು ಅವಳ ತಲೆಯಿಂದ ಹೋಗಲಿಲ್ಲ. ಆ ದಿನ ಮಧ್ಯಾಹ್ನ ಊಟ ಮಾಡುತ್ತಾ, ತಟ್ಟೆ ನೋಡಿಕೊಂಡೇ ಹೇಳಿದಳು. "ನಾನೂ ಬತ್ತೀನಿ ಕಣವ್ವ. ಆ ಹುಲ್ಲ ಒಂದ್ ಸತಿ ಮುಟ್ಟಿ ನೋಡ್ಬೇಕು." ತನಗೆ ಬೇಕು ಎಂದು ಅವಳು ಏನನ್ನಾದರೂ ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು. ಬೇಡ ಅನ್ನಲು ಬಾಯಿ ಬರಲಿಲ್ಲ.

ಶಿವಣ್ಣನಿಗೆ ಯಾವ ಯೋಚನೆಯೂ ಇರಲಿಲ್ಲ. "ಬರ್ಲಿ ಬುಡವ್ವ. ಕಣಿವೆ ತಾನೆ? ಕಣಿವೆ ಅಂದ್ರೆ ತಗ್ಗು. ಕುಂತಿಬೆಟ್ಟ ಹತ್ತೋ ಕಾಲ್ಗೆ ತಗ್ಗಲ್ಲಿ ನಡೆಯೋದೇನು ಮಹಾ?"

ನಾನು ಅಷ್ಟಕ್ಕೆ ಬಿಡುವವಳಲ್ಲ. ಡಾಕ್ಟರುಗಳ ಗೀಚು ಓದಿ ಓದಿ, ಎರಡು ಸಲ ನೋಡದೆ ಯಾವುದನ್ನೂ ನಂಬದ ಅಭ್ಯಾಸ ನನ್ನದು. ಚಾರಣ ನಡೆಸುವವರ ವಿವರದಲ್ಲಿ ‘ಸುಲಭದಿಂದ ಮಧ್ಯಮ’ ಎಂದು ಬರೆದಿತ್ತು. ಯಾರಿಗೆ ಸುಲಭ? ಫೋನು ಮಾಡಿ ಅದನ್ನೇ ಕೇಳಿದೆ. ಆ ಕಡೆಯ ಹುಡುಗಿ ನಕ್ಕು, "ಎಲ್ಲರಿಗೂ, ಮೇಡಂ" ಎಂದಳು. ಎಲ್ಲರಿಗೂ ಸರಿಹೋಗುವ ಔಷಧಿಯನ್ನು ನಾನಂತೂ ಈವರೆಗೆ ಕಂಡಿಲ್ಲ. ಆ ವಾರವೇ ಪಾಂಡವಪುರದ ಡಾಕ್ಟರಮ್ಮನ ಹತ್ತಿರ ಹೋದೆ. ಓದುವ ಕಾಲದಲ್ಲಿ ಅವರು ಹಿಮಾಲಯದಲ್ಲಿ ಬೇಕಾದಷ್ಟು ನಡೆದವರೆಂದು ನನಗೆ ಗೊತ್ತಿತ್ತು.

"ಕಣಿವೆ ಅನ್ನೋದು ಸುತ್ತಲಿನ ಶಿಖರಗಳ ಲೆಕ್ಕದಲ್ಲಿ ತಗ್ಗು, ಅಷ್ಟೆ," ಎಂದರು ಅವರು. "ನಿಮ್ಮ ಕುಂತಿಬೆಟ್ಟದ ನೆತ್ತಿ ಆ ಕಣಿವೆಯ ದಾರಿ ಶುರುವಾಗೋ ಊರಿನ ಎತ್ತರಕ್ಕೂ ಬರಲ್ಲ. ಇನ್ನೊಂದು ವಿಷಯ, ದಿನಕ್ಕೆ ಎಷ್ಟು ಹತ್ತುತ್ತೀರಿ ಅಂತ ನೋಡಿ ಕಷ್ಟ ಅಳೀಬೇಡಿ. ಎಷ್ಟು ಎತ್ತರದಲ್ಲಿ ಮಲಗ್ತೀರಿ ಅಂತ ನೋಡಿ. ಕರಿಘಟ್ಟ ಹತ್ತಿದೋರು ಇಳಿದು ಮನೇಲಿ ಮಲಗ್ತಾರೆ. ಅಲ್ಲಿ ಹತ್ತಿದ ಜಾಗದಲ್ಲೇ ಮಲಗಬೇಕು. ಗಾಳಿ ತೆಳುವಾಗಿರುತ್ತೆ. ದೇಹಕ್ಕೆ ಒಗ್ಗೋಕೆ ಟೈಮ್ ಬೇಕು."

ಕಾಲು ಗಟ್ಟಿ ಇರುವವರಿಗೇ ಅಪಾಯ ಹೆಚ್ಚು ಎಂದೂ ಹೇಳಿದರು. ಅವರು ಜೋರಾಗಿ ಹತ್ತಿಬಿಡುತ್ತಾರೆ, ದೇಹ ಹಿಂದೆ ಉಳಿಯುತ್ತದೆ. ವಾಹನ ಸಿಗುವ ರಸ್ತೆಗೆ ಎಷ್ಟು ದೂರ, ಒಬ್ಬರು ವಾಪಸಾಗಬೇಕಾದರೆ ಜತೆಗೆ ಇಳಿಯುವವರು ಯಾರು, ಇವೆಲ್ಲ ಕೇಳಿಕೊಂಡು ಹೊರಡಬೇಕು. ಕೊನೆಗೆ ಹೇಳಿದ ಮಾತು ನನಗೆ ಚುಚ್ಚಿಕೊಂಡಿತು. "ತಲೆನೋವು ಬಂದ್ರೆ ಹೇಳಬೇಕು. ಊಟ ಸೇರದಿದ್ರೆ ಹೇಳಬೇಕು. ತಲೆನೋವು ಇಟ್ಕೊಂಡು ಮೇಲಕ್ಕೆ ಹೋಗಬಾರದು, ಜಾಸ್ತಿ ಆದ್ರೆ ತಕ್ಷಣ ಕೆಳಗಿಳೀಬೇಕು. ಮುಚ್ಚಿಟ್ಟುಕೊಂಡೋರೇ ಅಲ್ಲಿ ಜೀವ ಕಳ್ಕೊಳ್ಳೋದು, ಮಂಜುಳಾ."

ದೊಡ್ಡವ್ವ ಹೊಲದ ಬದುವಿನ ಮೇಲೆ ಮೇವಿನ ಹೊರೆ ಹೊತ್ತು ಓಡಬಲ್ಲಳು. ಬಾವಿಯಿಂದ ನೀರು ಸೇದಬಲ್ಲಳು. ಅವಳ ಕೈಲಾಗದ ಒಂದೇ ಕೆಲಸವೆಂದರೆ ನೋವನ್ನು ಬಾಯಿಬಿಟ್ಟು ಹೇಳುವುದು. ಆ ಒಂದು ಕೆಲಸದ ಮೇಲೇ ಅಲ್ಲಿ ಜೀವ ನಿಂತಿರುತ್ತದೆ ಎಂದರೆ ಏನು ಮಾಡುವುದು?

ಇದಕ್ಕೆ ಅವಳ ಗಂಡನ ಮನೆಯ ಒಂದು ಕಟ್ಟುಪಾಡೂ ಸೇರಿಕೊಂಡಿತ್ತು. ಆ ಮನೆಯವರು ದೇವರ ಬೆಟ್ಟ ಹತ್ತುವಾಗ ಬರೀ ಹೊಟ್ಟೆಯಲ್ಲಿ ಹತ್ತಬೇಕು, ದರ್ಶನವಾಗುವವರೆಗೆ ನೀರು ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯವಾಗಿ ದಾರಿಯಲ್ಲಿ ಉಸ್ಸಪ್ಪ ಅನ್ನಬಾರದು. ಸಾಕಾಯಿತು, ಕಾಲು ನೋಯುತ್ತದೆ ಎಂದು ಯಾರ ಬಾಯಲ್ಲಿ ಬಂದರೂ ಅವರು ಕೆಳಗಿಳಿದು, ಮೊದಲನೆ ಮೆಟ್ಟಿಲಿಂದ ಮತ್ತೆ ಹತ್ತಬೇಕು. ಹೊಸದಾಗಿ ಮದುವೆಯಾಗಿ ಬಂದಾಗ ದೊಡ್ಡವ್ವನನ್ನು ಅವಳತ್ತೆ ಹಾಗೆ ಇಳಿಸಿ ಹತ್ತಿಸಿದ್ದರಂತೆ. ಆಮೇಲೆ ಅವಳ ಬಾಯಲ್ಲಿ ಆ ಮಾತು ಬಂದದ್ದಿಲ್ಲ. ಬೆಟ್ಟದ ಮೇಲೂ ಇಲ್ಲ, ಬೆಟ್ಟದ ಕೆಳಗೂ ಇಲ್ಲ.

ಮುಂಗಾರು ಶುರುವಾಗುವ ಹೊತ್ತಿಗೆ ನಮ್ಮ ತಯಾರಿಯೂ ಶುರುವಾಯಿತು. ಭಾನುವಾರದ ಬೆಳಿಗ್ಗೆ ದೊಡ್ಡವ್ವ ಹಾಲು ಕರೆದು, ಡೇರಿಗೆ ಹಾಕಿ, ಬಸ್ಸು ಹಿಡಿದು ಬರುತ್ತಿದ್ದಳು. ಮೊದಲ ದಿನ ಕರಿಘಟ್ಟದಲ್ಲಿ ನಾವು ಅರ್ಧ ದಾರಿಯಲ್ಲಿ ಇರುವಾಗಲೇ ಅವಳು ಮೇಲೆ ಗುಡಿಯ ಹತ್ತಿರ ನಿಂತಿದ್ದಳು. ಹತ್ತಿರ ಹೋಗಿ ನೋಡಿದರೆ ತುಟಿ ಒಣಗಿ ಬಿಳಚಿಕೊಂಡಿತ್ತು. ಏನಾಯಿತು ಅಂದರೆ "ಏನಿಲ್ಲ" ಎಂದಳು. ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವುದನ್ನು ತೋರಿಸಿ ಮಾತು ಬದಲಿಸಿದಳು.

ಜೋರಾಗಿ ಹತ್ತುವುದನ್ನು ಬಿಡಿಸುವುದೇ ನಮ್ಮ ಮೊದಲ ಪಾಠವಾಯಿತು. ಮಾತಾಡುತ್ತಾ ಹತ್ತಬೇಕು, ಮಾತಿನ ನಡುವೆ ಏದುಸಿರು ಬಂದರೆ ಅದು ಜಾಸ್ತಿ ಜೋರು ಎಂದು ಡಾಕ್ಟರಮ್ಮ ಹೇಳಿದ್ದರು. ಸರಿ, ಹರಟೆ ಹೊಡೆದುಕೊಂಡು, ನೀರು ಗುಟುಕರಿಸಿಕೊಂಡು, ಆಮೆಗಳ ಹಾಗೆ ಹತ್ತತೊಡಗಿದೆವು. ದಾರಿಯಲ್ಲಿ ಸಿಕ್ಕವರೆಲ್ಲ "ಯಾರ್ಗಾದ್ರೂ ಉಸಾರಿಲ್ವಾ?" ಎಂದು ಕೇಳಿಕೊಂಡು ನಮ್ಮನ್ನು ದಾಟಿ ಹೋಗುತ್ತಿದ್ದರು. ಶಿವಣ್ಣನಿಗೆ ಜೀವವೇ ಹೋದಷ್ಟು ಅವಮಾನ. "ಮರ್ಯಾದೆ ಓಯ್ತದೆ ಕಣವ್ವ. ಪೂಜೆಗೆ ಬಂದ ಮುದ್ಕೀರೆಲ್ಲ ನಮ್ಮುನ್ನ ಇಂದಾಕ್ ಬುಟ್ಟು ಓಯ್ತಾವ್ರೆ," ಎಂದು ಗೊಣಗುತ್ತಲೇ ಅವರೂ ನಿಧಾನ ಕಲಿತರು. ನೀರು ಕುಡಿಸುವುದು ಮಾತ್ರ ದೊಡ್ಡವ್ವನ ವಿಷಯದಲ್ಲಿ ಕಷ್ಟವಾಯಿತು. ಇದು ಹರಕೆಯಲ್ಲ, ಅಭ್ಯಾಸ ಎಂದು ಹೇಳಿ ಹೇಳಿ ಒಪ್ಪಿಸಿದೆ. ಪ್ರತಿ ಸಲವೂ ಗುಡಿಯ ಕಡೆ ಒಮ್ಮೆ ನೋಡಿ, ಸೆರಗು ಮರೆಮಾಡಿಕೊಂಡು ಕುಡಿಯುತ್ತಿದ್ದಳು.

ಆಷಾಢದ ಗಾಳಿಯಲ್ಲಿ ನಾಲೆ ಏರಿಯ ಮೇಲೆ ನಡೆದೆವು. ಬೆನ್ನಿನ ಬ್ಯಾಗಿಗೆ ರಾಗಿ ತುಂಬಿಕೊಂಡು, ವಾರಕ್ಕಿಷ್ಟು ಎಂದು ಭಾರ ಹೆಚ್ಚಿಸಿಕೊಂಡು ಹೋಗುತ್ತಿದ್ದೆವು. ನಾಲೆಗೆ ನೀರು ಬಿಟ್ಟಿದ್ದರು, ಅತ್ತ ಇತ್ತ ನಾಟಿ ನಡೆಯುತ್ತಿತ್ತು. ಗದ್ದೆಯಲ್ಲಿ ಬಗ್ಗಿದ್ದವರು ಸೊಂಟ ನೆಟ್ಟಗೆ ಮಾಡಿ ನಮ್ಮನ್ನು ನೋಡಿ ನಗುತ್ತಿದ್ದರು. ಹೊರೆ ಹೊರುವ ಕೆಲಸ ಇಲ್ಲದವರು ಹೊರೆ ಹೊತ್ತು ತಿರುಗುವುದು ನೋಡಿದರೆ ಯಾರಿಗಾದರೂ ನಗು ಬರುತ್ತದೆ ಬಿಡಿ.

ಬೂಟಿನದು ದೊಡ್ಡ ಕತೆ. ಹೊಸ ಬೂಟು ಹಾಕಿಕೊಂಡು ಹೊರಟರೆ ಕಾಲು ಬೊಬ್ಬೆ ಏಳುತ್ತದೆ, ತಿಂಗಳುಗಟ್ಟಲೆ ಮೊದಲೇ ಹಾಕಿ ಒಗ್ಗಿಸಿಕೊಳ್ಳಬೇಕು. ಜನ್ಮದಲ್ಲಿ ಬೂಟು ಕಾಣದ ದೊಡ್ಡವ್ವ ಅದನ್ನು ಹಾಕಿಕೊಂಡೇ ಕೊಟ್ಟಿಗೆಗೆ ಹೋದಳು. ಲಕ್ಷ್ಮಿ ಎಂಬ ಹಸು ಆ ಸಪ್ಪಳಕ್ಕೆ ಬೆಚ್ಚಿ ಬಕೀಟು ಒದ್ದಿತು. ಹಾಲು ಕೆಚ್ಚಲಿಗೆ ಇಳಿಸಲೇ ಇಲ್ಲ. ದೊಡ್ಡಪ್ಪ ಅಪರೂಪಕ್ಕೆ ಬಾಯಿ ತೆರೆದು, "ಹಿಮಾಲ್ಯಕ್ಕೆ ಓಗೋದು ನೀನೋ ಲಕ್ಷ್ಮಿಯೋ?" ಎಂದರಂತೆ. ಕಡೆಗೆ ಬೂಟಿಗೆ ಸಗಣಿ ಮೆತ್ತಿ, ವಾಸನೆ ಹತ್ತಿಸಿ, ಲಕ್ಷ್ಮಿಯನ್ನು ಒಪ್ಪಿಸಿದಳು.

ಇಷ್ಟರಲ್ಲಿ ಡಾಕ್ಟರಮ್ಮ ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿಸಿದರು. ದೊಡ್ಡವ್ವನಿಗೆ ರಕ್ತ ಬಹಳ ಕಮ್ಮಿ ಇತ್ತು. ಈವತ್ತಿನದಲ್ಲ, ವರ್ಷಗಳಿಂದ ಹೀಗಿದೆ ಎಂದರು.

"ತಲೆ ಸುತ್ತುತ್ತಾ?"

"ಇಲ್ಲ ತಾಯಿ."

"ಸುಸ್ತು?"

"ಅಂಗೇನಿಲ್ಲ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ಕಬ್ಬಿಣದ ಮಾತ್ರೆ ಬರೆದುಕೊಟ್ಟು, "ಶ್ರಾವಣದಲ್ಲಿ ಇನ್ನೊಂದು ಸಲ ನೋಡ್ತೀನಿ. ರಕ್ತ ಏರಬೇಕು. ಅದಕ್ಕಿಂತ ಹೆಚ್ಚಾಗಿ ಇವರು ಮಾತಾಡೋದು ಕಲೀಬೇಕು. ಇಲ್ಲದಿದ್ರೆ ನಾನು ಸರ್ಟಿಫಿಕೇಟಿಗೆ ಸೈನ್ ಹಾಕಲ್ಲ" ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾ ಕೂತಾಗ ನನಗೆ ಒಂದು ಉಪಾಯ ಹೊಳೆಯಿತು. ದೊಡ್ಡವ್ವ ತನ್ನ ಬಗ್ಗೆ ಹೇಳುವುದಿಲ್ಲ, ಸರಿ. ಹಸುಗಳ ಬಗ್ಗೆ? ಅದನ್ನು ಕೇಳಿದರೆ ಹೊತ್ತು ಮುಳುಗುವವರೆಗೂ ಹೇಳುತ್ತಾಳೆ. ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋದವಳು ಒಂದೊಂದನ್ನೂ ನೋಡುವ ರೀತಿ ನನಗೆ ಗೊತ್ತಿತ್ತು. ಮೇವು ಮುಟ್ಟಿದೆಯಾ, ಮೆಲುಕು ಹಾಕುತ್ತಿದೆಯಾ, ಕಿವಿ ಬೆಚ್ಚಗಿದೆಯಾ, ಜತೆಯವನ್ನು ಬಿಟ್ಟು ಮೂಲೆಯಲ್ಲಿ ನಿಂತಿದೆಯಾ.

"ದೊಡ್ಡವ್ವ, ಕೆಂಪಿ ಅಂತ ಒಂದು ಹಸು ಇದೆ ಅಂದ್ಕೋ. ಇವತ್ತು ಹೇಗಿದ್ದಾಳೆ ಹೇಳು."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಅರ್ಥವಾಗಿ ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಎದುರಿಗಿದ್ದ ಬಸ್ಸು ನೋಡುತ್ತಾ ಹೇಳಿದಳು. "ಮೇವು ಅಷ್ಟಕ್ಕಷ್ಟೆ. ಏಳುವಾಗ ಕಣ್ಣು ಕತ್ಲೆ ಬತ್ತದೆ ಅವ್ಳಿಗೆ. ಬಲಗಾಲು ಒಂಚೂರು ಎಳೀತಾಳೆ. ಬಾಳಾ ದಿಸಾಯ್ತು." ಇಷ್ಟನ್ನು ಈ ಹೆಂಗಸು ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದಳೋ.

ಆಮೇಲೆ ಸಂಜೆ ಡೇರಿಗೆ ಹಾಲು ಹಾಕಿ ಬಂದ ಹೊತ್ತಿಗೆ ಫೋನು ಮಾಡಿ, ಕೆಂಪಿ ಹೇಗಿದ್ದಾಳೆ ಎಂದು ಕೇಳುವುದು ರೂಢಿಯಾಯಿತು. ಶ್ರಾವಣದ ಪರೀಕ್ಷೆಯಲ್ಲಿ ರಕ್ತ ಏರಿತ್ತು. ಡಾಕ್ಟರಮ್ಮ ಪೆನ್ನು ಹಿಡಿದು ನನ್ನನ್ನೇ ಕೇಳಿದರು. "ಮೇಲೆ ಹೋದಾಗ ಇವರು ಮುಚ್ಚಿಡಲ್ಲ ಅಂತ ನೀವು ಹೇಳ್ತೀರಾ?" ಹೇಳುತ್ತೇನೆ ಎಂದೆ. ಸೈನ್ ಹಾಕಿದರು. ಯಾತ್ರೆಗೆ ಹೋಗಿಬಂದವರ ಮಾತು ಕೇಳಿ ದೊಡ್ಡವ್ವ ಕಟ್ಟಿಕೊಂಡಿದ್ದ ಕರ್ಪೂರವನ್ನು ನೋಡಿ, "ಇಟ್ಕೊಳ್ಳಿ, ಮೂಗು ಬಿಟ್ಟ ಹಾಗಾಗುತ್ತೆ. ಗಾಳಿಯೇನೂ ಹೆಚ್ಚಾಗಲ್ಲ. ಅದರ ಧೈರ್ಯದ ಮೇಲೆ ಮುಂದಕ್ಕೆ ಹೋಗಬೇಡಿ" ಎಂದೂ ಸೇರಿಸಿದರು.

ದೊಡ್ಡವ್ವನ ಪಕ್ಕದ ಮನೆಯ ಗೌರಮ್ಮ ಹಾಲು ಕರೆಯಲು ಒಪ್ಪಿದಳು. ಗೌರಿ ಗಣೇಶ ಮುಗಿದ ಮೇಲೆ ರೈಲು ಹತ್ತಿದೆವು.

ಸಾಂಕ್ರಿ ಎಂಬ ಊರಿನಿಂದ ನಡಿಗೆ. ನಮ್ಮ ಗೈಡು ಜಯವೀರ್ ಆ ಕಡೆಯ ಹಳ್ಳಿಯವನೇ. ಕೊರೊನಾ ಕಾಲದಲ್ಲಿ ತರಿಸಿ ನನ್ನ ಅಂಗಡಿಯಲ್ಲಿ ಉಳಿದಿದ್ದ, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಯಂತ್ರವನ್ನು ಅವನ ಕೈಗೆ ಕೊಟ್ಟಿದ್ದೆ. ನದಿಯ ಪಕ್ಕ, ದೇವದಾರು ಮರಗಳ ಕೆಳಗೆ, ನಾವು ಕರಿಘಟ್ಟದಲ್ಲಿ ಕಲಿತ ಆಮೆ ನಡಿಗೆಯಲ್ಲೇ ಹೋದೆವು. ಓಸ್ಲಾ ಎಂಬ ಹಳ್ಳಿ ಹತ್ತಿರ ಬಂದಾಗ ಇಳಿಜಾರಿನ ಹೊಲಗಳೆಲ್ಲ ಕಡುಗೆಂಪು. ನಾವು ಅದೇನು ಹೂವು ಎಂದು ಫೋಟೊ ತೆಗೆಯುತ್ತಿದ್ದರೆ ದೊಡ್ಡವ್ವ ಬದುವಿನ ಮೇಲೆ ಕೂತು ಒಂದು ಎಲೆ ತಿಕ್ಕಿ ನೋಡಿದಳು. "ದಂಟು ಕಣವ್ವ. ನಮ್ಮನೆ ಇತ್ಲಲ್ಲಿ ಬೆಳೆಯೋ ದಂಟು. ಬೀಜಕ್ಕೆ ಬುಟ್ಟವ್ರೆ." ಅಷ್ಟು ದೂರ ಬಂದು ತನ್ನ ಹಿತ್ತಿಲಿನದೇ ಒಂದನ್ನು ಕಂಡದ್ದಕ್ಕೆ ಮಗುವಿನ ಹಾಗೆ ಖುಷಿಪಟ್ಟಳು. ಬೆಳಿಗ್ಗೆ ಸಂಜೆ ನಾನು ಕೇಳುತ್ತಿದ್ದೆ. ಕೆಂಪಿ ಚೆನ್ನಾಗಿದ್ದಳು, ಮೇವು ತಿನ್ನುತ್ತಿದ್ದಳು.

ಕಣಿವೆಗೆ ಇನ್ನೊಂದು ದಿನದ ದಾರಿ ಇರುವಾಗ ಕೊನೆಯ ಬಿಡಾರ. ಆ ಬಿಡಾರಕ್ಕೆ ಹೊರಟ ಬೆಳಿಗ್ಗೆ ನಾನು ಕೆಂಪಿಯ ಬಗ್ಗೆ ಕೇಳಲಿಲ್ಲ. ಕೇಳಬೇಕೆಂಬುದೇ ತಲೆಗೆ ಬರಲಿಲ್ಲ. ಆ ದಿನದ ನೆನಪು ನನಗೆ ತುಂಡು ತುಂಡಾಗಿದೆ. ಬೂಟಿನ ದಾರ ಕಟ್ಟಲು ಬಹಳ ಹೊತ್ತು ಹಿಡಿಯಿತು. ಮಧ್ಯಾಹ್ನ ಬಿಡಾರ ಸೇರಿ ಎಲ್ಲರೂ ಕಿಚಡಿ ತಿನ್ನುತ್ತಿದ್ದರೆ ನಾನು ಒಂದು ಬಂಡೆಯ ಮೇಲೆ ಹೋಗಿ ಕೂತಿದ್ದೆ. ನನಗೆ ಏನೋ ಆಗಿದೆ ಎಂದು ಆಗಲೂ ಅನ್ನಿಸಿರಲಿಲ್ಲ. ಅದೇ ಸೋಜಿಗ. ಇಷ್ಟೆಲ್ಲ ಓದಿಕೊಂಡು, ಎಲ್ಲರಿಗೂ ಹೇಳಿಕೊಟ್ಟು, ನನ್ನ ತಲೆನೋವು ನನಗೆ ಬಿಸಿಲಿನ ತಲೆನೋವಿನ ಹಾಗೆ ಕಂಡಿತ್ತು. ಕರ್ಪೂರದ ವಾಸನೆ ಬಂತು, ತಿರುಗಿದರೆ ದೊಡ್ಡವ್ವ.

"ಮೇವು ಮುಟ್ನಿಲ್ಲ ನೀನು."

"ಹಸಿವಿಲ್ಲ ದೊಡ್ಡವ್ವ."

"ಎಲ್ರುನ್ನೂ ಬುಟ್ಟು ಒಬ್ಳೇ ಬಂದು ಕುಂತಿದ್ದೀಯ."

"ಬಿಸಿಲು ಕಾಯಿಸೋಣ ಅಂತ."

ನಾನು ಕೂತಿದ್ದದ್ದು ನೆರಳಿನಲ್ಲಂತೆ. ಅವಳು ಕೈ ಚಾಚಿ ನನ್ನ ಕಿವಿ ಹಿಡಿದು ನೋಡಿದಳು. ಇಲ್ಲಿ ಯಾರ ಕಿವಿ ಬೆಚ್ಚಗಿರುತ್ತದೆ ಎಂದು ರೇಗಿದೆ. ರೇಗಿದ ಮರುಗಳಿಗೆ ಬಂಡೆಯ ಪಕ್ಕಕ್ಕೆ ಬಾಗಿ ವಾಂತಿ ಮಾಡಿದೆ.

ಜಯವೀರ್ ಓಡಿ ಬಂದು ನನ್ನ ಬೆರಳಿಗೆ ಯಂತ್ರ ಸಿಕ್ಕಿಸಿದ. ಅದರಲ್ಲಿ ಬಂದ ಅಂಕಿ ಅವನಿಗೆ ಹಿಡಿಸಲಿಲ್ಲ. ಬೆಳಕಿರುವಾಗಲೇ ಓಸ್ಲಾಕ್ಕೆ ಇಳಿದುಬಿಡುವುದು ಒಳ್ಳೆಯದು, ಸಹಾಯಕನನ್ನು ಕಳಿಸುತ್ತೇನೆ ಎಂದ. ನಾನು ಖಂಡಿತ ಆಗುವುದಿಲ್ಲ ಎಂದೆ. ಮಾತ್ರೆ ನುಂಗಿ ಮಲಗಿದರೆ ಬೆಳಿಗ್ಗೆಗೆ ಸರಿಹೋಗುತ್ತದೆ, ನಾಳೆ ಮಧ್ಯಾಹ್ನ ಕಣಿವೆ, ದೊಡ್ಡವ್ವನಿಗೆ ಹುಲ್ಲು ತೋರಿಸದೆ ನಾನು ಇಳಿಯುವುದಿಲ್ಲ ಎಂದು ಹಟ ಹಿಡಿದೆ. ಶಿವಣ್ಣ ಗದರಿದರು, ಜಯವೀರ್ ಬೇಡಿಕೊಂಡ. ನಾನು ಬಂಡೆ ಬಿಟ್ಟು ಏಳಲಿಲ್ಲ.

ಆಗ ದೊಡ್ಡವ್ವ ಎಲ್ಲರ ನಡುವೆ ಬಂದು ನಿಂತಳು.

"ಶಿವಣ್ಣ, ನನ್ ಕೈಲಾಗಲ್ಲ. ನಂಗೆ ಸಾಕಾಯ್ತು. ನಾನು ಇಳೀತೀನಿ, ಇವ್ಳು ನನ್ನ ಜತೆಗೆ ಬರ್ಲಿ."

ಶಿವಣ್ಣನಿಗೂ ಆ ಮನೆಯ ಕಟ್ಟುಪಾಡು ಗೊತ್ತಿತ್ತು. ಅವರು ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡು, ತಮ್ಮ ಹರಕು ಹಿಂದಿಯಲ್ಲಿ ಜಯವೀರನಿಗೆ ಹೇಳಿದರು. ಈ ತಾಯಿ ಬೆಟ್ಟದ ಮೇಲೆ ಯಾವತ್ತೂ ಈ ಮಾತು ಆಡಿದವರಲ್ಲ, ಮಗಳಿಗಾಗಿ ಆಡುತ್ತಿದ್ದಾರೆ ಎಂದು. ಜಯವೀರ್ ದೊಡ್ಡವ್ವನಿಗೆ ಕೈಮುಗಿದು, ಯಂತ್ರ ಒರೆಸಿ ಜೇಬಿಗೆ ಹಾಕಿಕೊಂಡು ನನ್ನ ಬ್ಯಾಗು ಎತ್ತಿ ಸಹಾಯಕನ ಬೆನ್ನಿಗೇರಿಸಿದ. ನನಗೆ ಅಳು ಬಂತು. ನನಗೋಸ್ಕರ ಸುಳ್ಳು ಹೇಳಬೇಡ ದೊಡ್ಡವ್ವ ಎಂದೆ. ಅವಳು ಇಳಿಯುವ ದಾರಿ ಹಿಡಿದಳು. ಅವಳು ಹೋದ ಮೇಲೆ ನಾನು ಯಾವ ಬಾಯಿಂದ ಹಟ ಮಾಡಲಿ? ಎದ್ದು ಹಿಂದೆ ಹೋದೆ.

ಇಳಿಯುತ್ತಾ ಇಳಿಯುತ್ತಾ ನನ್ನ ತಲೆ ಹಗುರವಾಯಿತು. ಬೆಳಿಗ್ಗೆ ಓಸ್ಲಾದ ಮರದ ಮನೆಯಲ್ಲಿ ಎದ್ದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಕೋಳಿ ಕೂಗುವ ಮೊದಲೇ ಏಳುವ ದೊಡ್ಡವ್ವ ಇನ್ನೂ ಮಲಗಿದ್ದಳು. ಎಬ್ಬಿಸಿದರೆ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟಳು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂಬ ಸಂಕಟ ಎಂದುಕೊಂಡು ನಾನು ಮತ್ತೆ ಅತ್ತೆ. ಹೊತ್ತೇರಿದ ಮೇಲೆ ಆ ಮನೆಯ ಹೆಂಗಸು ಬೆನ್ನ ಮೇಲೆ ದೊಡ್ಡ ಹುಲ್ಲಿನ ಹೊರೆ ಹೊತ್ತು ಬಂದಳು. ಮೇಲಿನಿಂದ ಕೊಯ್ದು ತಂದದ್ದು, ಹಿಮ ಬೀಳುವ ಕಾಲಕ್ಕೆ ಒಣಗಿಸಿಡುವುದು. ದೊಡ್ಡವ್ವ ಎದ್ದು ಹೋಗಿ ಒಂದು ಹಿಡಿ ತೆಗೆದುಕೊಂಡಳು. ಮೂಸಿದಳು, ಬೆರಳಲ್ಲಿ ಹೊಸಕಿದಳು, ಒಂದು ಎಸಳು ಕಚ್ಚಿ ನೋಡಿದಳು. ಆ ಹೆಂಗಸಿಗೆ ಕನ್ನಡ ಬಾರದು, ಇವಳಿಗೆ ಬೇರೆ ಏನೂ ಬಾರದು. ಇಬ್ಬರೂ ಸಂಜೆಯವರೆಗೂ ಕೊಟ್ಟಿಗೆಯಲ್ಲೇ ಇದ್ದರು. ಹಾಲು ಕುಡಿದು ನೋಡಿದಳಂತೆ. "ತೆಳು. ಆದ್ರೆ ಬಾಯಲ್ಲಿ ಬಾಳಾ ಹೊತ್ತು ನಿಲ್ತದೆ," ಎಂದು ನನಗೆ ವರದಿ ಕೊಟ್ಟಳು.

ಊರಿಗೆ ಬಂದ ಮೇಲೆ ನನ್ನ ಬಾಯಿಗೆ ಬೀಗವಿರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಹೇಳಿದೆ, ವಾಕಿಂಗಿನಲ್ಲಿ ಹೇಳಿದೆ. ಕೆ.ಆರ್. ಪೇಟೆಯಲ್ಲಿ ನೆಂಟರ ಮದುವೆಗೆ ಹೋದರೆ ಅಲ್ಲಿನ ಹೆಂಗಸರು ದೊಡ್ಡವ್ವನನ್ನು ತೋರಿಸಿ, ತಂಗಿ ಮಗಳಿಗೋಸ್ಕರ ಅಷ್ಟು ದೂರ ಹೋಗಿ ಬರಿಗೈಲಿ ಬಂದವಳು ಇವಳೇ ಎಂದು ಮಾತಾಡಿಕೊಂಡರು. ಡಾಕ್ಟರಮ್ಮ ಕೂಡ ಕಣ್ಣಂಚು ಒರೆಸಿಕೊಂಡರು. ದೊಡ್ಡವ್ವ ಯಾರ ಮುಂದೆಯೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ದೀಪಾವಳಿಗೆ ದೇವಲಾಪುರದ ಕಡೆ ಹೋಗಿದ್ದೆ. ಸಾಯಂಕಾಲ ಕೊಟ್ಟಿಗೆಯಲ್ಲಿ ದೊಡ್ಡವ್ವ ಲಕ್ಷ್ಮಿಯ ಹಾಲು ಕರೆಯುತ್ತಿದ್ದಳು. ನಾನು ಗೌರಮ್ಮನಿಗೆ ಮತ್ತೆ ಆ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದೆ. ಗೌರಮ್ಮ ಸೆರಗಿನಲ್ಲಿ ಕಣ್ಣೊತ್ತಿಕೊಂಡು, "ಪುಣ್ಯಾತ್ಗಿತ್ತಿ ಕಣಕ್ಕ ನೀನು. ಎಂಥಾ ಸುಳ್ಳೇಳ್ಬುಟ್ಟೆ ಮಗೀಗೋಸ್ಕರ," ಎಂದಳು.

ಹಾಲಿನ ಸದ್ದು ನಿಂತಿತು.

"ಯಾರು ಸುಳ್ಳೇಳಿದ್ದು?"

ನಾವಿಬ್ಬರೂ ಅವಳ ಬೆನ್ನು ನೋಡಿದೆವು. ಅವಳು ತಿರುಗಲಿಲ್ಲ, ಹಸುವಿನ ಹೊಟ್ಟೆಗೆ ಹಣೆಯೊತ್ತಿಕೊಂಡೇ ಮಾತಾಡಿದಳು.

"ಹಿಂದಿನ ದಿಸ ರಾತ್ರಿಯಿಂದ್ಲೇ ತಲೆ ಸೀಳೋಯ್ತಿತ್ತು. ದಾರೀಲಿ ಕಾಲು ಎಲ್ಲಿಡ್ತಾ ಇವ್ನಿ ಅಂತ ತಿಳೀತಿರ್ನಿಲ್ಲ. ಇನ್ನೊಂದ್ ಹೆಜ್ಜೆ ಮ್ಯಾಕ್ ಓಗಿದ್ರೆ ಅಲ್ಲೇ ಬಿದ್ದೋಯ್ತಿದ್ದೆ ನಾನು."

"ಮತ್ತೆ ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ ದೊಡ್ಡವ್ವ?"

ಅವಳು ಈಗ ತಿರುಗಿದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವಳ ಹಾಗೆ ನನ್ನ ಮುಖ ನೋಡಿದಳು.

"ಹೇಳ್ದೆನಲ್ಲವ್ವ. ಅಷ್ಟು ಜನುದ್ ಮುಂದೆ ನಿಂತ್ಕಂಡು ಹೇಳ್ದೆ. ನೀವ್ಯಾರೂ ನಂಬ್ನಿಲ್ಲ."